ಪ್ರಯಾಗಬಾಯಿ ಹಿಂದಕ್ಕೆ ತೆಗೆದುಕೊಂಡ ಮಾತು

ತುರೋರಿ ಎಂಬ ಊರಲ್ಲಿ ಗಬ್ಬದ ಆಕಳು ಕರು ಹಾಕಲಾರದೆ ಒದ್ದಾಡತೊಡಗಿದರೆ ಜನ ಮೊದಲು ಹತ್ತಿರದ ಪಟ್ಟಣ ಉಮರ್ಗಾದ ದನದ ಡಾಕ್ಟರಿಗೆ ಫೋನು ಹಚ್ಚುವುದಿಲ್ಲ. ಮೊದಲು ಒಬ್ಬರು ಪ್ರಯಾಗಬಾಯಿಯ ಮನೆಗೆ ಓಡುತ್ತಾರೆ, ಆಮೇಲೆ ಡಾಕ್ಟರು ಸಿಗುತ್ತಾರೋ ಇಲ್ಲವೋ ನೋಡುತ್ತಾರೆ. ಇದಕ್ಕೆ ಡಾಕ್ಟರೂ ಬೇಜಾರು ಮಾಡಿಕೊಂಡಿಲ್ಲ. ಹೈವೇಯ ಲಾರಿಗಳ ನಡುವೆ ಗಾಡಿ ತೂರಿಸಿಕೊಂಡು ಅವರು ಬಂದು ಮುಟ್ಟುವಷ್ಟರಲ್ಲಿ ಕರು ಎದ್ದು ನಿಂತು ಮೊಲೆ ಹುಡುಕುತ್ತಿರುತ್ತದೆ. ಒಂದು ಇಂಜೆಕ್ಷನ್ ಕೊಟ್ಟು, ಚಹಾ ಕುಡಿದು ಹೋಗುತ್ತಾರೆ.

ಪ್ರಯಾಗಬಾಯಿಗೆ ಈಗ ಐವತ್ತೆಂಟು. ಗಂಡ ಮನ್ಮಥಪ್ಪ, ಹನ್ನೆರಡು ಎಕರೆ ಹೊಲ, ಕೊಟ್ಟಿಗೆಯಲ್ಲಿ ದೇವಣಿ ತಳಿಯ ನಾಲ್ಕು ಆಕಳು. ಆಕೆಯ ಎಡಗೈ ತುಂಬ ಹಸಿರು ಬಳೆ, ಬಲಗೈ ಮಾತ್ರ ಬರಿದು. ಮುತ್ತೈದೆ ಹೆಂಗಸು ಹೀಗೆ ಒಂದು ಕೈ ಬರಿದು ಬಿಟ್ಟುಕೊಂಡು ಮದುವೆಮನೆಗೆ ಬಂದರೆ ಬೀಗತಿಯರು ಸುಮ್ಮನಿರುತ್ತಾರೆಯೇ? ಯಾರಾದರೂ ಕೊಂಕು ತೆಗೆದರೆ ಆಕೆಯ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಬಳಿ ಒಡದು ಆಕಳ ಹೊಟ್ಯಾಗ ಹೋದ್ರ ತಗ್ಯಾಕ ನೀವು ಬರ್ತೀರೇನ್ರಿ?"

ಕೆಲಸದ ರೀತಿಯೂ ಅಷ್ಟೇ ಖಡಕ್ಕು. ಬಿಸಿನೀರು, ಸಾಬೂನು, ಮೊಳಕೈ ದಾಟಿ ಕುಸುಬಿ ಎಣ್ಣೆ. ಕೈ ಒಳಗೆ ಹೋಯಿತೆಂದರೆ ಕಣ್ಣು ಮುಚ್ಚಿಬಿಡುತ್ತಾಳೆ. ಸುತ್ತ ನಿಂತವರು ತಲೆಗೊಂದು ಸಲಹೆ ಕೊಡುತ್ತಿದ್ದರೆ ಕಣ್ಣು ತೆರೆಯದೆಯೇ ಬಯ್ಯುತ್ತಾಳೆ. ಕೈ ಹಚ್ಚಿ ನೋಡುವ ತನಕ ಒಂದು ಮಾತೂ ಆಡುವುದಿಲ್ಲ. ಅದು ಆಕೆ ಎಂದೂ ಮುರಿಯದ ನೇಮ. ಊರಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ಫೋನಿನಲ್ಲಿ "ಕಾಕು, ಹ್ಯಾಂಗ ಆಗ್ತದ?" ಎಂದು ಕೇಳಿದವರಿಗೆ "ನಾ ಜ್ಯೋತಿಷ್ಯ ಹೇಳಾಕಿ ಅಲ್ಲ, ಬಂದು ಮುಟ್ಟಿ ನೋಡತನಕ ತಡಿ" ಎಂದು ಕಟ್ ಮಾಡುತ್ತಾಳೆ.

ಈ ಮನೆಗೆ ಎರಡು ವರ್ಷದ ಹಿಂದೆ ಉದಗೀರದಿಂದ ಸೊಸೆಯಾಗಿ ಬಂದವಳು ಮೀನಲ. ಬಿ.ಕಾಂ. ಓದಿದ ಹುಡುಗಿ, ಆಕಳ ಹತ್ತಿರ ಹೋದವಳೇ ಅಲ್ಲ. ಮೊದಲ ಸಲ ಅತ್ತೆಯ ಪಕ್ಕದಲ್ಲಿ ಮೊಬೈಲಿನ ಟಾರ್ಚು ಹಿಡಿದು ನಿಂತಾಗ ತಲೆ ತಿರುಗಿ ಗೋದಲಿಯ ಮೇಲೆ ಕೂತುಬಿಟ್ಟಿದ್ದಳು. ಪ್ರಯಾಗಬಾಯಿ ಬಯ್ಯಲಿಲ್ಲ. "ಬೆಳಕ ಇಲ್ಲಿ ಹಿಡಿ, ಮಾರಿ ಆ ಕಡಿ ಮಾಡು" ಎಂದಳು ಅಷ್ಟೇ. ಅಂದಿನಿಂದ ಮೀನಲಗೆ ಅತ್ತೆಯ ಮೇಲೆ ಅಭಿಮಾನ. ಭಯವೂ ಇತ್ತು. ದನಕರುವಿನ ವಿಷಯದಲ್ಲಿ ಪ್ರಯಾಗಬಾಯಿಯ ಎದುರು ಊರ ಗಂಡಸರೇ ಬಾಯಿ ಬಿಡುವುದಿಲ್ಲ, ನಿನ್ನೆ ಮೊನ್ನೆ ಬಂದ ಸೊಸೆ ಏನು ಮಾತಾಡುತ್ತಾಳೆ?

ಮೇ ತಿಂಗಳಲ್ಲಿ ಹೈವೇ ಮೇಲಿನ ಚಹಾದಂಗಡಿಯ ಮುಂದೆ ಒಂದು ಬೆಕ್ಕಿನ ಮರಿಗೆ ಮೋಟರ್ ಸೈಕಲ್ ಬಡಿದು ಹೋಯಿತು. ಅಂಗೈಯಗಲದ ಕಂದು ಮರಿ, ಹಿಂಗಾಲು ಎಳೆಯುತ್ತಿತ್ತು. ಮೀನಲ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದಳು. ಹಾಲು ಮೂಸಲಿಲ್ಲ, ಅನ್ನ ಮೂಸಲಿಲ್ಲ. ಚಹಾದಲ್ಲಿ ಅದ್ದಿದ ಖಾರಿ ಬಿಸ್ಕೀಟು ಕೊಟ್ಟಾಗ ಮಾತ್ರ ಬಾಯಿ ತೆರೆಯಿತು. ಹಾಗಾಗಿ ಅದರ ಹೆಸರು ಖಾರಿ. ಎರಡು ತಿಂಗಳಲ್ಲಿ ಎದ್ದು ಓಡಾಡಿತು, ನಡಿಗೆ ಮಾತ್ರ ಒಂದು ಕಡೆ ವಾಲಿತ್ತು. ಮೀನಲಳ ಗಂಡ ಬಸವಕುಮಾರ ಅದನ್ನು ನೋಡಿ ನಕ್ಕ. ಪ್ರಯಾಗಬಾಯಿ ಅಷ್ಟೂ ಗಮನ ಕೊಡಲಿಲ್ಲ. ಆಕೆಯ ಲೆಕ್ಕದಲ್ಲಿ ಬೆಕ್ಕು ದನವಲ್ಲ, ಅಡುಗೆಮನೆಯ ಪ್ರಾಣಿ. ಆಕಳಿನ ಮೈಯಲ್ಲಿ ಒಂದು ಉಣ್ಣಿ ಕಂಡರೂ ಬಿಡದವಳು ಖಾರಿಯನ್ನು ಒಂದು ದಿನವೂ ಮುಟ್ಟಿರಲಿಲ್ಲ.

ದೀವಳಿಗೆ ಮುಗಿಯುವ ಹೊತ್ತಿಗೆ ಖಾರಿಗೆ ಎಂಟು ತಿಂಗಳಾಯಿತು. ನೆಲದ ಮೇಲೆ ಹೊರಳಾಡಿ ಕೂಗತೊಡಗಿತು. ತಗಡಿನ ಮೇಲೆ ಗಂಡುಬೆಕ್ಕುಗಳ ಗದ್ದಲ. ಮೀನಲ ಬಾಗಿಲು ಕಿಟಕಿ ಹಾಕಿ ಅದನ್ನು ಒಳಗೇ ಇಟ್ಟುಕೊಂಡಳು. ಮೀನಲ ಆಪರೇಷನ್ನಿನ ಮಾತು ತೆಗೆದಳೋ ಇಲ್ಲವೋ, ಅತ್ತೆ ತೀರ್ಪು ಕೊಟ್ಟುಬಿಟ್ಟಳು.

"ಒಂದು ಸೂಲ ಆಗ್ಲಿ. ಮುಂದ ನಿನಗ ತಿಳದಂಗ ಮಾಡು. ಹೆಣ್ಣಾಗಿ ಹುಟ್ಯಾದ, ಒಂದು ಸಲರೆ ತಾಯಿ ಆಗಬೇಕು. ಒಂದು ಸೂಲ ಆತಂದ್ರ ಎಂಥಾ ಹುಚ್ಚ ಕಡಸೂ ಸಮಾ ಆಗ್ತದ."

ಊರಿಗೂ ಅದು ಅನುಕೂಲದ ಮಾತಾಗಿತ್ತು. ಸೋಯಾಬೀನಿನ ಚೀಲಗಳು ಮನೆ ಸೇರಿದ್ದವು, ಅವುಗಳ ಹಿಂದೆಯೇ ಇಲಿಗಳು. ಎಲ್ಲರಿಗೂ ಬೆಕ್ಕು ಬೇಕು. ಈ ಓಣಿಯಲ್ಲಿ ಬೆಕ್ಕಿನ ಮರಿಗೆ ರೊಕ್ಕ ಮುಟ್ಟುವುದಿಲ್ಲ, ಬರಿಗೈಯಲ್ಲೂ ಕೇಳುವುದಿಲ್ಲ. ಮರಿ ಹುಟ್ಟುವ ಮೊದಲೇ ಒಂದು ಬಟ್ಟಲು ಒಣಕೊಬ್ಬರಿ ತಂದು "ನಮಗೊಂದು" ಎಂದು ಹೇಳಬೇಕು. ಮನೆಯಾಕೆ ಅದನ್ನು ದೇವರ ಜಗಲಿಯ ಮೇಲಿಟ್ಟರೆ ಮಾತು ಕೊಟ್ಟಂತೆ. ಹಾಗಿಟ್ಟ ಕೊಬ್ಬರಿಯನ್ನು ಹಿಂದಕ್ಕೆ ಕೊಟ್ಟವರು ಈ ಓಣಿಯಲ್ಲಿ ಯಾರೂ ಇರಲಿಲ್ಲ. ಎಂಟೇ ದಿನದಲ್ಲಿ ಪ್ರಯಾಗಬಾಯಿಯ ಜಗಲಿಯ ಮೇಲೆ ಐದು ಬಟ್ಟಲು ಕೂತವು. ಖಾರಿಗೆ ಇನ್ನೂ ಗಂಡುಬೆಕ್ಕಿನ ಪರಿಚಯವೇ ಆಗಿರಲಿಲ್ಲ, ಮರಿಗಳಿಗೆ ಮಾತ್ರ ಮನೆ ನಿಶ್ಚಯವಾಗಿಬಿಟ್ಟಿತ್ತು!

ಮೀನಲ ಅತ್ತೆಗೆ ಹೇಳದೆ ಖಾರಿಯನ್ನು ಎತ್ತಿಕೊಂಡು, ಬಸವಕುಮಾರನ ಮೋಟರ್ ಸೈಕಲ್ ಮೇಲೆ ಹಿಂದೆ ಕೂತು ಉಮರ್ಗಾಕ್ಕೆ ಹೋದಳು. ಅಲ್ಲಿ ರವಿಕಾಂತ ಎಂಬ ಹುಡುಗ ಡಾಕ್ಟರು ಹೊಸದಾಗಿ ಪ್ರಾಣಿಗಳ ದವಾಖಾನೆ ತೆರೆದಿದ್ದರು. ಅವರು ಖಾರಿಯ ಸೊಂಟವನ್ನು ಎರಡು ಸಲ ಒತ್ತಿ ನೋಡಿದರು.

"ಒಂದು ಸಲ ಮರಿ ಹಾಕಿದ ಮ್ಯಾಲೇ ಆಪರೇಷನ್ ಮಾಡಬೇಕು ಅನ್ನೂದು ಸುಮ್ಮ ಬಂದ ಮಾತರಿ ಅಕ್ಕೋರ. ಅದರಿಂದ ಬೆಕ್ಕಿಗಿ ಏನೂ ಫಾಯ್ದೆ ಇಲ್ಲ. ಇಕಿಗಂತೂ ಬ್ಯಾಡೇ ಬ್ಯಾಡ. ಸೊಂಟದ ಎಲುಬು ಮುರದು ವಾರಿ ಕೂಡ್ಯಾದ. ಮರಿ ಸಿಕ್ಕೊಂಡ್ರ ತಾಯಿನೂ ಉಳಿಯಂಗಿಲ್ಲ. ಎರಡು ವಾರದಾಗ ಮತ್ತ ಕೂಗತದ. ಅದರಕಿಂತ ಮೊದಲ ತಗೊಂಡ ಬರ್ರಿ."

ಅಂದರೆ ಎರಡೇ ವಾರ. ಆಮೇಲೆ ಒಂದು ದಿನ ಕಿಟಕಿ ತೆರೆದಿದ್ದರೂ ಖಾರಿಯ ಕಥೆ ಮುಗಿದಂತೆ. ಮನೆಗೆ ಬಂದ ಮೀನಲ ಧೈರ್ಯ ಮಾಡಿ ಅತ್ತೆಗೆ ಎಲ್ಲ ಹೇಳಿದಳು. ಪ್ರಯಾಗಬಾಯಿ ಕಡಲೆಬೇಳೆ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಯಾವ ಡಾಕ್ಟರ್? ಮೀಸಿ ಬಂದಾವೇನು ಅಂವಗ? ಐದು ಮನಿಗಿ ಮಾತ ಕೊಟ್ಟೀನಿ ನಾ. ಇವತ್ತಿನ ತನಕ ಪ್ರಯಾಗಬಾಯಿ ಕೊಟ್ಟ ಮಾತ ತಿರಗಿ ತಗೊಂಡಿಲ್ಲ."

ಮೀನಲ ಖಾರಿಯನ್ನು ಎತ್ತಿ ಎದೆಗೊತ್ತಿಕೊಂಡಳು. ಬಾಯಿಂದ ಮಾತು ಹೊರಬಿತ್ತು.

"ಅತ್ತೀ, ಆಕಳಿಗಾದ್ರ ನೀವು ಕೈ ಹಚ್ಚಿ ನೋಡತನಕ ಒಂದು ಮಾತ ಆಡಂಗಿಲ್ಲರಿ. ಖಾರಿಗಿ ಒಂದು ಸಲನೂ ಮುಟ್ಟಿ ನೋಡಿಲ್ಲ, ಐದು ಮನಿಗಿ ಮಾತ ಕೊಟ್ಟೀರಿ. ಆಕಿ ಇನ್ನಾ ಕೂಸ ಅದಾಳ್ರಿ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ಅಡುಗೆಮನೆಗೆ ಓಡಿದಳು. ಅತ್ತೆ ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಪ್ರಯಾಗಬಾಯಿ ಎರಡು ದಿನ ಮಾತೇ ಆಡಲಿಲ್ಲ. ಮನ್ಮಥಪ್ಪ ಪರಿಸ್ಥಿತಿ ನೋಡಿ, ಊಟ ಮುಗಿಸುವುದು, ಹೊಲಕ್ಕೆ ಹೋಗುವುದು, ಇಷ್ಟೇ ಇಟ್ಟುಕೊಂಡರು.

ಮೂರನೆಯ ದಿನ ಮಧ್ಯಾಹ್ನ ಪ್ರಯಾಗಬಾಯಿ ಬಲಗೈಯನ್ನು ಮೊಳಕೈ ತನಕ ಸಾಬೂನು ಹಚ್ಚಿ ತೊಳೆದಳು. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಬೆರಳಿಗೆ ಸವರಿಕೊಂಡು, ನಡುಮನೆಯಲ್ಲಿ ಕಾಲು ಚಾಚಿ ಕೂತಳು.

"ತಗೊಂಡ ಬಾ ಆಕಿಗಿ."

ಆಕಳಿಗೆ ಇಡೀ ಕೈ ಬೇಕಾಗುತ್ತಿತ್ತು, ಇಲ್ಲಿ ಎರಡು ಬೆರಳು ಸಾಕಾಯಿತು. ಖಾರಿ ತೊಡೆಯ ಮೇಲೆ ಮೊದಲು ಕೊಸರಾಡಿತು, ಆಮೇಲೆ ಸುಮ್ಮನಾಯಿತು. ಪ್ರಯಾಗಬಾಯಿ ಕಣ್ಣು ಮುಚ್ಚಿ ಸೊಂಟದ ಎರಡೂ ಬದಿ ಬೆರಳಾಡಿಸಿದಳು. ಎಡಬದಿಯಲ್ಲಿ ಬೆರಳು ನಿಂತಿತು. ಮತ್ತೆ ಬಲಬದಿ, ಮತ್ತೆ ಎಡಬದಿ. ಎಲುಬು ಗಂಟುಗಟ್ಟಿ ಒಳಗೆ ಬಾಗಿತ್ತು. ಆಕೆ ಕಣ್ಣು ತೆರೆದಳು.

"ಹುಡುಗ ಬರೋಬರ್ ಹೇಳ್ಯಾನ," ಎಂದಳು ಕಡೆಗೆ. "ಹಾದಿ ಇಲ್ಲ ಇಕಿಗಿ."

ಮೀನಲ ಖಾರಿಯನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಅತ್ತೆ ಬೆಕ್ಕನ್ನು ಕೆಳಗೆ ಬಿಡಲಿಲ್ಲ. ಎಣ್ಣೆಯ ಕೈಯಲ್ಲೇ ಅದರ ತಲೆ ಸವರುತ್ತ, ಸೊಸೆಯ ಮುಖ ನೋಡದೆ ಮಾತಾಡಿದಳು.

"ನಾ ಈ ಮನಿಗಿ ಬಂದಾಗ ನನಗ ಹದಿನೈದು ವರ್ಷ. ಕುಂಟಾಬಿಲ್ಲಿ ಆಡ್ತಿದ್ದೆ, ಗಿಡಾ ಏರ್ತಿದ್ದೆ. ಹುಡುಗಿ ಭಾಳ ಚಂಚಲ ಅದಾಳ, ಒಂದು ಹೆರಗಿ ಆಗ್ಲಿ, ಸಮಾ ಆಗ್ತಾಳ ಅಂದ್ರು ಎಲ್ಲಾರೂ. ತವರಮನಿಗಿ ಕಳಸೂಕಿಂತ ಮೊದಲ ನೋವ ಬಂತು. ಎರಡು ದಿನ ನೋವ ತಿಂದೆ. ಗಾಡಿ ಕಟ್ಟಿ ಉಮರ್ಗಾಕ ಒಯ್ಯೂದ್ರಾಗ ಕೂಸ ಹೋಗಿತ್ತು. ಗಂಡ ಕೂಸ. ಆ ಎರಡು ದಿನ ಮನಿ ತುಂಬ ಹೆಂಗಸೂರು. ಎಲ್ಲಾರೂ ಮಾತ ಹೇಳಾವ್ರೇ, ಒಬ್ಬರರೆ ಕೈ ಹಚ್ಚಿ ನೋಡಿರಲಿಲ್ಲ."

ಬಸವಕುಮಾರನಿಗೆ ಒಬ್ಬ ಅಣ್ಣ ಇದ್ದ ಎಂಬುದು ಮೀನಲಗೆ ಗೊತ್ತೇ ಇರಲಿಲ್ಲ. ಅತ್ತೆ ಕೈ ಹಚ್ಚಿ ನೋಡುವವಳಾದದ್ದು, ಬಲಗೈಯ ಬಳೆ ತೆಗೆದಿಟ್ಟದ್ದು ಆ ದಿನದಿಂದಲೇ ಎಂಬುದು ಈಗ ಅವಳಿಗೆ ತಿಳಿಯಿತು. ಕಣ್ಣಲ್ಲಿ ನೀರು ತುಂಬಿತು.

"ಸೂಲ ಖಾರಿಗಿ ಬೇಕಾಗಿರಲಿಲ್ಲ, ನನ್ನ ಮಾತ ನಡೀಲಿ ಅಂತ ನನಗ ಬೇಕಾಗಿತ್ತು," ಎಂದಳು ಪ್ರಯಾಗಬಾಯಿ. "ಅವರು ನನಗ ಅಂದ ಮಾತ ನಾ ಇಕಿಗಿ ಅಂದೆ ನೋಡು. ಏಳು, ಆ ಕೊಬ್ಬರಿ ತಗಿ ಜಗಲಿ ಮ್ಯಾಲಿಂದ."

ಅದೇ ಸಂಜೆ ಕೊಬ್ಬರಿಯ ಬುಟ್ಟಿ ಹಿಡಿದು ಇಬ್ಬರೂ ಹೊರಟರು. ನೆಪ ಹೇಳಿ ತಪ್ಪಿಸಿಕೊಳ್ಳುವುದು ಸುಲಭವಿತ್ತು. ಬೆಕ್ಕು ಓಡಿಹೋಯಿತು ಎಂದಿದ್ದರೆ ಯಾರು ಬಂದು ಹುಡುಕುತ್ತಿದ್ದರು? ಪ್ರಯಾಗಬಾಯಿ ಪ್ರತಿ ಮನೆಯ ಕಟ್ಟೆಯ ಮೇಲೆ ನಿಂತು ಒಂದೇ ಮಾತು ಹೇಳಿದಳು. "ಮುಟ್ಟಿ ನೋಡಲಾರದ ಮಾತ ಕೊಟ್ಟಿದ್ದೆ. ತಪ್ಪ ನಂದು." ಕಿರಾಣಿ ಅಂಗಡಿಯ ವಿಶ್ವನಾಥಪ್ಪ ಜೋರಾಗಿ ನಕ್ಕು, ಗಿರಾಕಿಗಳ ಎದುರೇ "ಕಾಕೂನ ಮಾತಿಗೂ ಎಕ್ಸ್‌ಪೈರಿ ಡೇಟ್ ಬಂತಲ್ಲಪಾ!" ಎಂದ. ಮೀನಲಗೆ ಮೈಯೆಲ್ಲ ಉರಿಯಿತು. ಅತ್ತೆ "ಹೂಂ, ಬಂತು" ಎಂದು ಕೊಬ್ಬರಿಯನ್ನು ಅವನ ತಕ್ಕಡಿಯ ಪಕ್ಕದಲ್ಲಿಟ್ಟು ಬಂದಳು. ಕುರಿ ಸಾಕುವ ಜಗದೇವಿ ಮಾತ್ರ ಕೇಳಿದ ಕೂಡಲೇ ತಲೆಯಾಡಿಸಿದಳು. "ಸೊಂಟ ಸಣ್ಣದಿದ್ದ ಮರಿಗಿ ನಾವೂ ಟಗರಿನ ಹಂತ್ಯಾಕ ಬಿಡಂಗಿಲ್ಲ ಕಾಕು. ನಮ್ಮ ಕುರಿ ಕಾಯೂ ದೇವರು ಬೀರಪ್ಪನೂ ಅದಕ್ಕ ಸಿಟ್ಟಾಗಂಗಿಲ್ಲ." ನಾಲ್ಕು ಬಟ್ಟಲು ಹೋದವು. ಐದನೆಯದು ಪಕ್ಕದ ಮನೆಯ ಚಂಪಾಬಾಯಿಯದು. ಆಕೆ ದೇವಣಿ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದಳು. ಆ ಬಟ್ಟಲು ಜಗಲಿಗೆ ವಾಪಸು ಹೋಯಿತು.

ಸೋಮವಾರ ಖಾರಿಯನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ದರು. ಮೋಟರ್ ಸೈಕಲ್ ಬೇಡವೆಂದು ಅತ್ತೆಯ ಹಟ, ಬೆಕ್ಕಿಗೆ ಅದರ ಸಪ್ಪಳ ನೆನಪಿದ್ದೀತು ಎಂದು. ದವಾಖಾನೆಯಲ್ಲಿ ಡಾಕ್ಟರು ಬಂದ ಕೂಡಲೇ ಅತ್ತೆ "ನಿಮ್ಮ ಕೈ ತೋರಸ್ರಿ" ಎಂದಳು. ರವಿಕಾಂತ ಗಾಬರಿಯಾಗಿ ಎರಡೂ ಕೈ ಚಾಚಿದರು. ಪ್ರಯಾಗಬಾಯಿ ಉಗುರು ನೋಡಿದಳು, ಮಣಿಕಟ್ಟು ನೋಡಿದಳು.

"ಆ ಗಡಿಯಾರ ತಗದ ಇಡ್ರಿ."

"ತಗೀತಿದ್ದೆ ಕಾಕು," ಎಂದರು ಡಾಕ್ಟರು, ಶಾಲೆಯ ಹುಡುಗನಂತೆ. ಗಡಿಯಾರ ಬಿಚ್ಚಿ ಆಕೆಯ ಕೈಗೇ ಕೊಟ್ಟರು. ಕೆಲಸ ಮುಗಿಯುವ ತನಕ ಆಕೆ ಅದನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಮೀನಲ ತಂದ ಚಹಾ ಆರಿಹೋಯಿತು.

ನಾಲ್ಕು ದಿನದ ಮೇಲೆ ಚಂಪಾಬಾಯಿ ದೇವಣಿಯಿಂದ ಬಂದವಳು ನೇರ ಇವರ ನಡುಮನೆಗೇ ಬಂದಳು. ಎಪ್ಪತ್ತೈದು ದಾಟಿದ ಮುದುಕಿ. ಪ್ರಯಾಗಬಾಯಿ ಈ ಓಣಿಗೆ ಸೊಸೆಯಾಗಿ ಬಂದಾಗ ಆರತಿ ಮಾಡಿ ಒಳಗೆ ಕರೆದುಕೊಂಡವಳು. ಖಾರಿ ಗೋಣಿತಾಟಿನ ಮೇಲೆ ಮಲಗಿತ್ತು, ಹೊಟ್ಟೆಗೆ ಬಟ್ಟೆಯ ಪಟ್ಟಿ.

"ಅಯ್ಯ, ಮಾಡಿಸೇ ಬಿಟ್ಟ್ಯಾ?" ಎಂದಳು ಚಂಪಾಬಾಯಿ. "ಒಂದು ಸೂಲರೆ ಆಗಬೇಕಿತ್ತ ಪ್ರಯಾಗಾ. ಸಮಾ ಆಗ್ತಿತ್ತು."

ಪ್ರಯಾಗಬಾಯಿ ಎದ್ದು ಜಗಲಿಯ ಮೇಲಿನ ಕೊನೆಯ ಬಟ್ಟಲು ತಂದು ಆಕೆಯ ಕೈಯಲ್ಲಿಟ್ಟಳು.

"ಚಂಪಕ್ಕಾ, ನನಗೂ ಹಂಗೇ ಅಂದಿದ್ರಿ."

ಮುದುಕಿ ಮೊದಲು ಕೊಬ್ಬರಿಯನ್ನು ನೋಡಿದಳು. ಆಮೇಲೆ ಪ್ರಯಾಗಬಾಯಿಯನ್ನು ನೋಡಿದಳು. ನಲವತ್ತೆರಡು ವರ್ಷದ ಹಿಂದೆ ಇದೇ ನಡುಮನೆ, ಇದೇ ಕಂಬದ ಪಕ್ಕ. ಆ ಎರಡು ದಿನ ತುಂಬಿಕೊಂಡಿದ್ದ ಹೆಂಗಸರಲ್ಲಿ ಈಗ ಉಳಿದವಳು ಆಕೆಯೊಬ್ಬಳೇ.

"ಆವಾಗ ಯಾರಿಗಿ ಗೊತ್ತಿತ್ತ ಪ್ರಯಾಗಾ?" ಎಂದಳು.

"ಯಾರಿಗೂ ಗೊತ್ತಿರಲಿಲ್ಲ ಅಕ್ಕಾ. ಅದಕ್ಕ ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ಈಗ ನನಗ ಗೊತ್ತದ. ಗೊತ್ತಾದ ಮ್ಯಾಲೂ ಹಂಗೇ ಅಂದ್ರ ಅದು ನನ್ನ ತಪ್ಪಾಗ್ತದ."

ಚಂಪಾಬಾಯಿ ಕೊಬ್ಬರಿಯನ್ನು ಪಕ್ಕಕ್ಕಿಟ್ಟಳು. ಕೈ ಚಾಚಿ ಪ್ರಯಾಗಬಾಯಿಯ ಬರಿದಾದ ಬಲಗೈಯನ್ನು ಹಿಡಿದುಕೊಂಡಳು, ಬಿಡಲೇ ಇಲ್ಲ. ಮೀನಲ ಒಳಗೆ ಹೋಗಿ ಚಹಾಕ್ಕಿಟ್ಟಳು, ಖಾರಿಗೆಂದು ಒಂದು ಬಿಸ್ಕೀಟು ತೆಗೆದಿಟ್ಟಳು.