ಸಿಡಿಯದ ಬಂದೂಕು ಹಿಡಿದು ನಿಂತ ರಘೋತ್ತಮ

ರಘೋತ್ತಮ ಅವರನ್ನು ನಾನು ಮೊದಲು ನೋಡಿದ್ದು 2009ರ ಜನವರಿಯಲ್ಲಿ, ಅಮೆರಿಕದ ಕ್ಯಾಂಟನ್ ಊರಿನ ಇಂಡಿಯನ್ ಅಂಗಡಿಯೊಂದರ ಪಾರ್ಕಿಂಗ್ ಲಾಟಿನಲ್ಲಿ. ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಚಳಿ. ನೀಲಿ ಜಾಕೆಟ್ ತೊಟ್ಟ, ಐವತ್ತರ ಹತ್ತಿರದ ಮನುಷ್ಯರೊಬ್ಬರು ಹಿಮ ಎತ್ತುವ ಸಲಿಕೆಯನ್ನು ಎಡಭುಜಕ್ಕೆ ಆನಿಸಿಕೊಂಡು ಅಂಗಡಿಯ ಗೋಡೆಗುಂಟ ನಡೆಯುತ್ತಿದ್ದರು. ತಲೆಗೆ ಟೋಪಿ ಇರಲಿಲ್ಲ, ಕಿವಿ ಕೆಂಪಾಗಿದ್ದವು. ಅಂಗಡಿಯ ಕೆಲಸದವರು ಇರಬೇಕೆಂದುಕೊಂಡೆ. ಆದರೆ ಅವರು ಹಿಮ ಎತ್ತಲೇ ಇಲ್ಲ. ಗೋಡೆಯ ತುದಿಗೆ ಬಂದಾಗ ಗಕ್ಕನೆ ನಿಂತು, ಹಿಮ್ಮಡಿ ಕೂಡಿಸಿ ತಿರುಗಿ, ತುಟಿಯಲ್ಲೇ ಏನನ್ನೋ ಎಣಿಸುತ್ತ ಮತ್ತೆ ಹೊರಟರು.

ಪಕ್ಕದಲ್ಲಿ ನಿಂತಿದ್ದ ವ್ಯಾನಿನ ಕಿಟಕಿ ಇಳಿಯಿತು. "ರೀ, ಸಾಕು ಬನ್ನಿ! ಕೊತ್ತಂಬರಿ ಸೊಪ್ಪೆಲ್ಲ ಐಸ್ ಆಗ್ತಿದೆ," ಎಂದರು ಅವರ ಹೆಂಡತಿ. ಹಿಂದಿನ ಸೀಟಿನಿಂದ ಮಗಳು, "ಡ್ಯಾಡ್, ಪೀಪಲ್ ಆರ್ ಸ್ಟೇರಿಂಗ್," ಎಂದಳು. ಕನ್ನಡ ಕೇಳಿ ನನಗೆ ತಡೆಯದೆ ನಗು ಬಂತು.

"ಯಾವೂರಪ್ಪ?" ಎಂದು ಅವರು ಸಲಿಕೆ ಇಳಿಸಿದರು.

"ಹಾವೇರಿ ಕಡೆ ಒಂದು ಹಳ್ಳಿರಿ ಅಂಕಲ್. ಪಂಚಾಕ್ಷರಿ ಅಂತ. ಇಲ್ಲೇ ವಿಕ್ಸಮ್‌ದಾಗ ಕೆಲಸ ಐತ್ರಿ."

"ಕೆಲಸ ಇದೆಯಾ? ಶಾರದಾ, ನೋಡು ಬಾ, ಕೆಲಸ ಇರೋ ಮನುಷ್ಯ! ಮುಟ್ಟಿ ನೋಡ್ಲೇನಪ್ಪ?"

ಆ ಸಂಜೆ ಅವರ ಮನೆಯಲ್ಲೇ ನನ್ನ ಊಟವಾಯಿತು. ಆಮೇಲೆ ಹೆಚ್ಚುಕಡಿಮೆ ಪ್ರತಿ ವಾರವೂ.

ರಘೋತ್ತಮ ಅವರು ಹನ್ನೊಂದು ವರ್ಷ ಬ್ರೇಕಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟದ ಎಂಜಿನಿಯರ್ ಆಗಿದ್ದರು. ಒಡೆದುಹೋದ ಭಾಗವನ್ನು ಬೆಳಕಿಗೆ ಹಿಡಿದು ಯಾಕೆ ಒಡೆಯಿತು ಎಂದು ಕಂಡುಹಿಡಿಯುವುದು ಅವರ ಕೆಲಸ. ಕಾರಿನ ಕಂಪನಿಗಳೆಲ್ಲ ಕುಸಿಯುತ್ತಿದ್ದ ಆ ಚಳಿಗಾಲ, ಕ್ರಿಸ್ಮಸ್‌ಗೆ ಮುಂಚೆ, ಆ ಕೆಲಸ ಹೋಯಿತು. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲು ಕಿರುಗುಟ್ಟಿದರೆ ಬಿಚ್ಚುತ್ತಿದ್ದರು. ಸೌಟಿನ ಹಿಡಿ ಅಲ್ಲಾಡಿದರೂ ಅಷ್ಟೇ. ಶಾರದ ಆಂಟಿ ಒಂದು ದಿನ ನನಗೆ ಹೇಳಿದರು: "ಇವರು ಮನೇಲಿರೋದು ಸರಿ ಕಣಪ್ಪ. ಮನೆ ಉಳಿದ್ರೆ ಸಾಕು."

ಸಲಿಕೆಯ ಕವಾಯತಿನ ಹಿಂದೆ ಒಂದು ಗೋರಿಯ ಕಲ್ಲಿತ್ತು. ಅಂಕಲ್ ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಅಲ್ಲಿ ಕಾವೇರಿಯ ದಡದಲ್ಲಿ ಬ್ರಿಟಿಷರ ಕಾಲದ ಐರೋಪ್ಯ ಸೈನಿಕರ ಸ್ಮಶಾನವಿದೆ. ಚಿಕ್ಕವರಿದ್ದಾಗ ಕ್ರಿಕೆಟ್ ಚೆಂಡು ಹುಡುಕಿಕೊಂಡು ಪೊದೆಯೊಳಗೆ ನುಗ್ಗಿ ಕಲ್ಲೊಂದರ ಮೇಲೆ ಓದಿದ ಹೆಸರು ಅವರ ತಲೆಯಲ್ಲಿ ಉಳಿದುಬಿಟ್ಟಿತ್ತು: ಡಿ ಮ್ಯೂರಾನ್ ರೆಜಿಮೆಂಟು. ಸ್ವಿಟ್ಜರ್ಲೆಂಡಿನ ಬಾಡಿಗೆ ಸೈನಿಕರು ಅವರು. ಮೊದಲು ಡಚ್ಚರ ಕಂಪನಿಯ ಸಂಬಳ. 1795ರಲ್ಲಿ ಸಿಂಹಳದಲ್ಲಿದ್ದಾಗ ಇಡೀ ರೆಜಿಮೆಂಟೇ ಇಂಗ್ಲಿಷರ ಸಂಬಳಕ್ಕೆ ಬಂತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮೇಲೆ ಏರಿಹೋದವರಲ್ಲಿ ಅವರೂ ಇದ್ದರು. 1813ರಲ್ಲಿ, ಅಮೆರಿಕದೊಡನೆ ನಡೆದಿದ್ದ ಯುದ್ಧಕ್ಕೆಂದು, ಅದೇ ರೆಜಿಮೆಂಟನ್ನು ಹಡಗಿನಲ್ಲಿ ಕೆನಡಾಕ್ಕೆ ಸಾಗಿಸಿದರು.

"ನನ್ನ ಕಂಪನಿನೂ ಹಾಗೇ ಮೂರು ಸಲ ಕೈ ಬದಲಾಯ್ತು," ಎನ್ನುತ್ತಿದ್ದರು ಅಂಕಲ್. "ಗೇಟಿನ ಬೋರ್ಡು ಬೇರೆ, ಟೀ ಶರ್ಟ್ ಬೇರೆ, ಕೆಲಸ ಅದೇ. ಅವರಿಗೂ ಕೊನೇಗೆ ಲೇಆಫೇ ಆಗಿದ್ದು, 1816ರಲ್ಲಿ."

ಕೆಲಸ ಹೋದ ಮೇಲೆ ಅವರು ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಿದ್ದಾಗ ಗೋಡೆಯ ಮೇಲೊಂದು ಚೀಟಿ ಕಂಡಿತ್ತಂತೆ. ಹಳೆಯ ಕಾಲದ ಸೈನಿಕರ ಉಡುಪು ತೊಟ್ಟು ಜಾತ್ರೆ ಮೇಳಗಳಲ್ಲಿ ಕವಾಯತು ತೋರಿಸುವ ಹವ್ಯಾಸಿಗಳ ತಂಡ ಅದು. ರೆಜಿಮೆಂಟಿನ ಹೆಸರು ಗಂಜಾಂನ ಕಲ್ಲಿನ ಮೇಲಿದ್ದ ಅದೇ ಹೆಸರು. ಮರುದಿನವೇ ಸೇರಿಕೊಂಡರು. ಆಗಸ್ಟಿನ ಮೇಳದಲ್ಲಿ ಬಂದೂಕು ಹಿಡಿದು ಆ ಸಾಲಿನಲ್ಲಿ ನಿಲ್ಲಬೇಕು ಎಂಬುದೊಂದೇ ಅವರಿಗೆ ಆಸೆ. "ಆ ವರ್ಷ ಇನ್ಯಾವುದಕ್ಕೂ ನನಗೊಂದು ತಾರೀಕು ಅಂತ ಇರಲಿಲ್ಲ," ಎಂದು ಆಮೇಲೊಮ್ಮೆ ಹೇಳಿದರು.

ಯುಗಾದಿಗೆ ಕನ್ನಡ ಕೂಟದಲ್ಲಿ ಸುದ್ದಿ ಹಬ್ಬಿತ್ತು. "ಏನ್ರೀ ರಘೋತ್ತಮ, ಟಿಪ್ಪು ಮೇಲೆ ದಂಡೆತ್ತಿ ಬಂದೋರ ಪಾರ್ಟಿ ಸೇರಿದ್ರಂತೆ?" ಎಂದು ಒಬ್ಬರು ಕೆಣಕಿದರು.

"ನಾನು ಸ್ವಿಸ್ ರೀ. ಜಗಳ ನಂದಲ್ಲ. ಸಂಬಳಕ್ಕೆ ಬಂದೋನು."

"ಹಾಗಾದ್ರೆ ಇಲ್ಲಿರೋರೆಲ್ಲ ಸ್ವಿಸ್ಸೇ ಅನ್ನಿ!"

ಎಲ್ಲರೂ ನಕ್ಕರು. ಅಂಕಲ್ ಮಾತ್ರ ಹೋಳಿಗೆಯ ತಟ್ಟೆ ಕೆಳಗಿಟ್ಟು ಆಗಲೇ ಬಾಗಿಲ ಕಡೆ ಹೊರಟಿದ್ದರು.

ಬಂದೂಕು ಕೈಗೆ ಸಿಗಬೇಕಾದರೆ ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷೆ ಮಾಡುವವರು ತಂಡದ ಸಾರ್ಜೆಂಟ್ ಗೋರ್ಸ್ಕಿ. ಅವರೂ ಕಾರಿನ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರೇ. ಆ ಬಂದೂಕಿನಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕಿಡಿಗೆ ಮದ್ದು ಹತ್ತಬೇಕು. ತೇವಕ್ಕೋ ಕಲ್ಲು ಸವೆದೋ ಎಷ್ಟೋ ಸಲ ಹತ್ತುವುದಿಲ್ಲ. ಮೇಳದ ಬಂದೂಕಿನಲ್ಲಿ ಗುಂಡು ಇರದಿದ್ದರೂ ಮದ್ದು ನಿಜವಾದದ್ದು. ಕ್ಷಣ ಬಿಟ್ಟು ಸಿಡಿದರೆ ಎದುರಿಗಿದ್ದವನ ಮುಖ ಸುಡುತ್ತದೆ. ಆದ್ದರಿಂದ ಸಿಡಿಯದಿದ್ದರೆ ನಳಿಗೆಯನ್ನು ಮೇಲಕ್ಕೆ ಹಿಡಿದು, ಅಪ್ಪಣೆ ಬರುವವರೆಗೂ ಅಲ್ಲಾಡದೆ ನಿಲ್ಲಬೇಕು.

ಅಂಕಲ್‌ಗೆ ಆಗದ ಕೆಲಸ ಅದೊಂದೇ. ಏಪ್ರಿಲ್‌ನಲ್ಲಿ ಸಾರ್ಜೆಂಟ್ ಬೇಕೆಂದೇ ಮೊಂಡು ಕಲ್ಲು ಹಾಕಿದ ಬಂದೂಕು ಕೊಟ್ಟರು. ಕುದುರೆ ಎಳೆದಾಗ ಟಕ್ ಎಂದಿತು, ಕಿಡಿ ಇಲ್ಲ. ಅಂಕಲ್ ಬಂದೂಕನ್ನು ಇಳಿಸಿ, ಬೆಳಕಿಗೆ ತಿರುಗಿಸಿ, ಕಲ್ಲನ್ನು ಬಗ್ಗಿ ನೋಡಿದರು. ನಳಿಗೆ ಪಕ್ಕದವನ ಹೊಟ್ಟೆಗೆ ನೇರವಾಗಿತ್ತು. ಫೇಲ್. ಮೇ ತಿಂಗಳಲ್ಲೂ ಅದೇ ಟಕ್, ಅದೇ ಬಗ್ಗಿ ನೋಡುವುದು. ಇನ್ನೊಂದು ಸಲ ಹೀಗಾದರೆ ಬಂದೂಕಿನ ಮಾತೇ ಇಲ್ಲ, ಡೋಲು ಬಾರಿಸಬಹುದು ಎಂದರು ಸಾರ್ಜೆಂಟ್.

"ಹನ್ನೊಂದು ವರ್ಷ ಸಂಬಳ ಕೊಟ್ಟಿದ್ದೇ ಬಗ್ಗಿ ನೋಡು ಅಂತ," ಎಂದು ಮನೆಗೆ ಬಂದು ಚಡಪಡಿಸಿದರು. "ಈಗ ನೋಡಬೇಡ ಅಂದ್ರೆ ಕೈ ಕೇಳತ್ತಾ?"

ಜೂನ್‌ನಲ್ಲಿ ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಿಂದ ಇಂಟರ್‌ವ್ಯೂಗೆ ಕರೆ ಬಂತು. ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಹೋಗಿ ಅದೇ ದಿನ ವಾಪಸು ಬಂದರು. ಎರಡು ವಾರದಲ್ಲಿ ತಿಳಿಸುತ್ತೇವೆ ಎಂದಿದ್ದರಂತೆ. ಅಂಕಲ್ ಮರುದಿನವೇ ಫೋನ್ ಮಾಡಿದರು. ಅದರ ಮರುದಿನವೂ. ಮೂರನೆಯ ಸಲ ಫೋನ್ ಎತ್ತಿಕೊಂಡಾಗ ನಾನು ಅಲ್ಲೇ ಕೂತಿದ್ದೆ. ಶಾರದ ಆಂಟಿ ಅಡುಗೆಮನೆಯಿಂದ ಬಂದು ಅದನ್ನು ಕಿತ್ತುಕೊಂಡರು.

"ಅಲ್ಲೂ ಬಂದೂಕು ತಿರುಗಿಸ್ತೀರೇನ್ರೀ? ಸುಮ್ನೆ ನಿಂತ್ಕೊಳ್ಳಿ. ಪಕ್ಕದಲ್ಲಿ ನಿಂತಿರೋಳು ನಾನು."

ಅಂಕಲ್ ಹಿತ್ತಿಲಿಗೆ ಹೋಗಿ ಸಲಿಕೆ ಎತ್ತಿಕೊಂಡು ನಿಂತರು. ಈ ಸಲ ನಡೆಯಲಿಲ್ಲ. ಸೊಳ್ಳೆ ಕಚ್ಚುತ್ತಿದ್ದವು, ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡಿ ಒಳಗೆ ಹೋದರು. ಅವರ ಬೆರಳು ಮಾತ್ರ ಸಲಿಕೆಯ ಹಿಡಿಯ ಮೇಲೆ ಆಡುತ್ತಲೇ ಇತ್ತು.

ಜುಲೈನ ಪರೀಕ್ಷೆಗೆ ನಾನೂ ಹೋಗಿದ್ದೆ. ಸೆಕೆಗೆ ಉಣ್ಣೆಯ ಕೆಂಪು ಕೋಟು ಬೆನ್ನಿಗೆ ಅಂಟಿತ್ತು. ಸಾಲಿನಲ್ಲಿ ಆರು ಜನ. ಅಪ್ಪಣೆಯಾಯಿತು, ಐದು ಬಂದೂಕು ಸಿಡಿದವು. ಹೊಗೆ ಸರಿದಾಗ ಅಂಕಲ್ ನಳಿಗೆ ಮೇಲೆತ್ತಿ ನಿಂತಿದ್ದರು. ಅವರ ಗದ್ದ ಒಮ್ಮೆ ಕಲ್ಲಿನ ಕಡೆ ಇಳಿಯಿತು. ಈ ಸಲವೂ ಫೇಲ್ ಅಂದುಕೊಂಡೆ. ಗದ್ದ ಮತ್ತೆ ಮೇಲಕ್ಕೆ ಹೋಯಿತು. ಸಾರ್ಜೆಂಟ್ ಬೇಕೆಂದೇ ನಿಧಾನವಾಗಿ ಅವರ ಸುತ್ತ ಒಂದು ಸುತ್ತು ಬಂದರು. ಬೆವರು ಕಣ್ಣಿಗಿಳಿದರೂ ಅಂಕಲ್ ರೆಪ್ಪೆ ಮಿಟುಕಿಸಲಿಲ್ಲ.

"ಪಾಸ್," ಎಂದರು ಸಾರ್ಜೆಂಟ್. "ಈಗ ನೋಡು, ಎಷ್ಟು ಬೇಕಾದರೂ ನೋಡು."

ಅಂಕಲ್ ಮದ್ದನ್ನೆಲ್ಲ ತೆಗೆಸಿ, ಪಕ್ಕಕ್ಕೆ ಹೋಗಿ ಕೂತು, ಬಂದೂಕಿನ ಕಲ್ಲು ಬಿಚ್ಚಿ ಬೆಳಕಿಗೆ ಹಿಡಿದರು. ಆಮೇಲೆ ಪಕ್ಕದವನದನ್ನೂ ಕೇಳಿ ತೆಗೆದುಕೊಂಡರು. ಆರೂ ಬಂದೂಕು ನೋಡಿ ಮುಗಿಯುವವರೆಗೆ ಅವರು ನೀರು ಕೂಡ ಕುಡಿಯಲಿಲ್ಲ. ಎರಡರಲ್ಲಿ ಕಲ್ಲು ಸಡಿಲವಾಗಿತ್ತು, ಒಂದರ ಉಕ್ಕು ಸವೆದಿತ್ತು. ಜನವರಿಯಿಂದ ಅವರು ಒಂದೇ ಕಡೆ ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ಕಾರಿನಲ್ಲಿ, "ನಿಂತೆ ಕಣಯ್ಯ," ಎಂದರು. "ಆಗತ್ತೆ ಅಂತ ಗೊತ್ತಾಯ್ತು. ಆಗಸ್ಟ್‌ನಲ್ಲಿ ಒಂದು ಸಲ ನಿಲ್ತೀನಿ, ಗಂಜಾಂ ಕಲ್ಲಿಗೋಸ್ಕರ. ಆಮೇಲೆ ಬೇಡ. ಪ್ರಾಣ ಹಿಂಡಿದ ಹಾಗಾಗತ್ತೆ."

"ಎಲ್ಕ್ ಗ್ರೋವ್‌ಗೆ ಫೋನ್ ಮಾಡಿದ್ರೇನ್ರಿ ಅಂಕಲ್?"

"ಇಲ್ಲ. ನಿನ್ನ ಆಂಟಿ ಫೋನ್ ಎಲ್ಲಿ ಬಚ್ಚಿಟ್ಟಿದಾಳೋ."

ಆ ಕೆಲಸ ಬೇರೆಯವರಿಗೆ ಹೋಯಿತು. ಆಗಸ್ಟಿನಲ್ಲಿ ಅವರು ಸಾಲಿನಲ್ಲಿ ನಿಂತರು, ಬಂದೂಕು ಮೂರು ಸಲವೂ ಸಿಡಿಯಿತು. ಮರುವರ್ಷದ ವಸಂತದಲ್ಲಿ ಎಲ್ಕ್ ಗ್ರೋವ್‌ನ ಅದೇ ಕಂಪನಿಯೇ ಫೋನ್ ಮಾಡಿ ಕರೆಯಿತು.

ಈಗ ರಘೋತ್ತಮ ಅವರು ವಾರದ ದಿನಗಳಲ್ಲಿ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಪಂಪುಗಳ ವಾಲ್ವ್ ಪರೀಕ್ಷಿಸುತ್ತಾರೆ, ಶುಕ್ರವಾರ ಸಂಜೆ ಕ್ಯಾಂಟನ್‌ಗೆ ಬರುತ್ತಾರೆ. ಮೇಳಗಳಿದ್ದಾಗ ಅವರು ಸಾಲಿನಲ್ಲಿ ನಿಲ್ಲುವುದಿಲ್ಲ. ಸಾಲು ನಿಲ್ಲುವ ಮೊದಲು ಪ್ರತಿಯೊಬ್ಬರ ಬಂದೂಕಿನ ಕಲ್ಲನ್ನು ನೋಡಿ ಕೊಡುತ್ತಾರೆ.