ಹಿತ್ತಲಿನ ಅಮ್ಮನ ತುಟಿ

ನನ್ನ ಅತ್ತಿಗೆ ಉಮಾದೇವಿ ಮೈಸೂರಿನ ಡ್ರಾಯಿಂಗ್ ಟೀಚರು. ಬ್ಯಾಂಕಿನಲ್ಲಿರುವ ನಮ್ಮಣ್ಣನ ಹಿಂದೆ ಊರೂರು ಸುತ್ತಿ ಕೆಲಸ ಬಿಟ್ಟರೂ ಪೆನ್ಸಿಲ್ ಬಿಡಲಿಲ್ಲ. ವಿಶಾಖಪಟ್ಟಣದಲ್ಲಿದ್ದ ಆರು ವರ್ಷವೂ ಭೀಮುನಿಪಟ್ಟಣದ ದಾರಿಯ ಹಳೇ ಬೌದ್ಧ ವಿಹಾರಗಳ ಗುಡ್ಡಗಳನ್ನು ಹತ್ತಿದ್ದೇ ಹತ್ತಿದ್ದು. ಆಮೇಲೆ ವಿಜಯವಾಡಕ್ಕೆ ವರ್ಗ; ನಾನೂ ಅವರ ಜೊತೆ ಹೋದೆ. ಭವಾನಿಪುರಂನಲ್ಲಿ ಬಾಡಿಗೆ ಮನೆ ಹೊಕ್ಕ ದಿನವೇ, ಓನರ್ ಕೋಟೇಶ್ವರಮ್ಮನವರ ಹಿತ್ತಲಿನಲ್ಲಿ, ಬೇವಿನ ಬುಡದಲ್ಲಿ, ಅರಿಶಿನ ಮೆತ್ತಿಕೊಂಡಿದ್ದ ಕಲ್ಲಿನ ತಲೆ ಕಂಡು ಅತ್ತಿಗೆ ನನ್ನನ್ನು ಕೂಗಿಬಿಟ್ಟರು.

“ಶುಭಾ, ಬಾರೇ ಇಲ್ಲಿ! ಜೋತುಬಿದ್ದ ಕಿವಿ, ಸುರುಳಿ ಸುರುಳಿ ಕೂದಲು, ನೆತ್ತಿ ಮೇಲೆ ಉಬ್ಬು, ಅರ್ಧ ಮುಚ್ಚಿದ ಕಣ್ಣು. ಅಮ್ಮನೂ ಅಲ್ಲ ಗಿಮ್ಮನೂ ಅಲ್ಲ, ಬುದ್ಧ ಕಣೇ ಇದು!”

ಕೋಟೇಶ್ವರಮ್ಮನವರಿಗೆ ಮಾತ್ರ ಅದು ಅಮ್ಮವಾರು, ಸಾಕ್ಷಾತ್ ದೇವಿ. ಮಕ್ಕಳಿಲ್ಲದ ಆಕೆ ನಲವತ್ತು ವರ್ಷ ಕಷ್ಟಸುಖ ಹೇಳಿಕೊಂಡಿದ್ದು ಆ ನಗುವ ತುಟಿಯ ಮುಂದೆಯೇ. ಮ್ಯೂಸಿಯಂನವರಿಗೆ ತೋರಿಸೋಣವೆಂದು ಅತ್ತಿಗೆ ತಿಂಗಳುಗಟ್ಟಲೆ ಗೋಗರೆದ ಮೇಲೆ, “ನೋಡಿಕೊಂಡು ಹೋಗಲಿ, ಎತ್ತಿಕೊಂಡು ಹೋಗಬಾರದು” ಎಂದು ಒಪ್ಪಿದರು.

ಗೊತ್ತು ಮಾಡಿದ ದಿನ ನಾಲ್ಕು ಗಂಟೆಗೆ ಮ್ಯೂಸಿಯಂ ಅಧಿಕಾರಿ ಬರಬೇಕಿತ್ತು. ಕೋಟೇಶ್ವರಮ್ಮ ಗುಡಿಗೆ ಹೋಗಿದ್ದರು. ವಿನಾಶಕಾಲೇ ವಿಪರೀತ ಬುದ್ಧಿ! ಮನೆಗೆ ಯಾರಾದರೂ ಬರುತ್ತಾರೆಂದರೆ ನಮ್ಮಲ್ಲಿ ಮೊದಲು ದೇವರ ಸಾಮಾನು ಬೆಳಗುತ್ತೇವಲ್ಲ, ಹಾಗೇ ಅತ್ತಿಗೆ ಆ ತಲೆಗೂ ಹುಣಸೆಹಣ್ಣು ಮೆತ್ತಿ ನೆನೆಯಲು ಬಿಟ್ಟರು. ಹಿತ್ತಾಳೆ ದೀಪವೇ ಅದು? ಸುಣ್ಣದ ಕಲ್ಲು! ನಾನು ಹೋಗುವಷ್ಟರಲ್ಲಿ ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದರು. ಕಲ್ಲಿನ ಮೇಲೆ ಸಣ್ಣಗೆ ನೊರೆ ಏಳುತ್ತಿತ್ತು. ಕೆಮಿಸ್ಟ್ರಿ ಓದಿದ ನನಗೆ ಒಡನೆ ಗೊತ್ತಾಯಿತು.

“ಅತ್ತಿಗೇ, ನಿಲ್ಸಿ! ಹುಳಿ ಕಲ್ಲನ್ನ ತಿಂತಾ ಇದೆ!”

ಬಿಂದಿಗೆಗಟ್ಟಲೆ ನೀರು ಸುರಿದೆವು. ಕಣ್ಣು ಉಳಿದಿತ್ತು, ಕಿವಿ ಉಳಿದಿತ್ತು. ತುಟಿಯ ಮೇಲ್ಪದರ ಮಾತ್ರ ಹಕ್ಕಳೆಯಾಗಿ ನಾರಿನ ಜೊತೆ ಬಂದುಬಿಟ್ಟಿತ್ತು. ನಗುವಿದ್ದ ಕಡೆ ಬಿಳಿ ಕಲೆ. ಅಷ್ಟರಲ್ಲಿ ಗೇಟಿನ ಸದ್ದು. ಅಧಿಕಾರಿ, ಅವರ ಹಿಂದೆಯೇ ಕೋಟೇಶ್ವರಮ್ಮ.

“ಯಾರು ಇದನ್ನ ಉಜ್ಜಿದ್ದು?” ಆತ ತೆಲುಗಿನಲ್ಲಿ ಗದರಿದರು.

ಕೋಟೇಶ್ವರಮ್ಮ ಹುಣಸೆ ಬಟ್ಟಲು ನೋಡಿದರು, ಅತ್ತಿಗೆಯ ಮುಖ ನೋಡಿದರು. “ನಾನೇ ಬಾಬು. ಮುದುಕಿ, ತಿಳೀಲಿಲ್ಲ.”

ಅತ್ತಿಗೆ ಬಾಯಿ ತೆರೆದರು. ನಾನು, ಪಾಪಿ, ಅವರ ರಟ್ಟೆ ಹಿಡಿದು ಅದುಮಿದೆ. ಕೊಸರಿಕೊಂಡರು.

“ಸುಳ್ಳು ಸಾರ್. ಮಾಡಿದ್ದು ನಾನು.”

ಕೋಟೇಶ್ವರಮ್ಮ ಕುಕ್ಕರಗಾಲಿನಲ್ಲಿ ಕೂತು ಸೆರಗಿನಿಂದ ಆ ತುಟಿ ಒರೆಸಿದರು. ಎರಡು ಸಲ, ಮೂರು ಸಲ. ಬಿಳಿ ಕಲೆ ಹಾಗೇ ಇತ್ತು.

“ಅಮ್ಮನನ್ನ ಕರೆದುಕೊಂಡು ಹೋಗಿ ಬಾಬು,” ಎಂದರು ಅಧಿಕಾರಿಗೆ. “ನಮ್ಮ ಹತ್ತಿರ ಇದ್ದರೆ ಉಳಿಯೋಲ್ಲ.”