ಮೂರನೆಯ ಒದೆ

ನನ್ನ ಜಿಮ್ಮಿನ ಗೋಡೆಯ ಮೇಲೆ ಒಂದು ಬೋರ್ಡಿತ್ತು. ನಿಯಮಗಳನ್ನು ನಾನೇ ಕೂತು ಬರೆದು, ಪೇಂಟರನನ್ನು ಹಿಡಿದು ತಂದು ಹಳದಿ ಬಣ್ಣದಲ್ಲಿ ಬರೆಸಿದ್ದೆ. ಹಳೆಯ ನೋವಿದ್ದರೆ ಮೊದಲೇ ಹೇಳಬೇಕು. ಕೇಳದೆ ತೂಕ ಏರಿಸಬಾರದು. ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಬಂದವರು ಆ ಬೋರ್ಡಿನ ಮೊಳೆಗೆ ಅಂಗಿ ತೂಗುಹಾಕಿ ಕಸರತ್ತಿಗೆ ನಿಲ್ಲುತ್ತಿದ್ದರು. ದಿನಾ ಬೆಳಿಗ್ಗೆ ಅಂಗಿಗಳನ್ನು ತೆಗೆದು ಬೆಂಚಿನ ಮೇಲೆ ಎಸೆಯುವುದೇ ನನ್ನ ಮೊದಲ ಕಸರತ್ತು. ಓದಿದಿರಾ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಓದೇವ್ರಿ ಸರ."

ಎರಡು ಸಾವಿರದ ಎಂಟರ ಸುಮಾರಿಗೆ ಬನಹಟ್ಟಿಯ ಒಂದು ನೂಲಿನ ಅಂಗಡಿಯ ಮಹಡಿಯ ಮೇಲೆ ಆ ಜಿಮ್ ತೆರೆದಿದ್ದೆ. ಸುತ್ತಲೂ ಪವರ್‌ಲೂಮ್ ಸದ್ದು, ಹೀಗಾಗಿ ಏನು ಹೇಳುವುದಿದ್ದರೂ ಕೂಗಿಯೇ ಹೇಳಬೇಕು. ಕೂಗಿ ಕೂಗಿ ಸಿಟ್ಟಿನ ಮನುಷ್ಯ ಎಂಬ ಹೆಸರು ಬಂತು. ಸಿಟ್ಟಿನ ಮನುಷ್ಯ ಹೌದು, ಆದರೆ ಅದಕ್ಕೆ ಲೂಮ್ ಕಾರಣವಲ್ಲ. ರಬಕವಿಯ ಒಬ್ಬ ಸೀರೆ ವ್ಯಾಪಾರಿಗೆ ಅವರ ಮನೆಗೇ ಹೋಗಿ ಕಲಿಸುತ್ತಿದ್ದೆ. ಮೂರು ತಿಂಗಳಾದ ಮೇಲೆ ಒಂದು ದಿನ ಸೆಕೆಯೆಂದು ಅಂಗಿ ಬಿಚ್ಚಿದರು. ಹೊಟ್ಟೆಯ ಕೆಳಗೆ ಗೇಣುದ್ದದ ಹೊಲಿಗೆಯ ಗುರುತು. ಏನಿದು ಎಂದರೆ, "ಹರ್ನಿಯಾದ್ದು, ಹಳೇದ್ರಿ, ಹ್ವಾದ ವರ್ಷದ್ದು" ಅಂದರು. ಇಂಥವರ ಜೊತೆ ದುಡಿದು ತಣ್ಣಗಿರುವವನು ಯಾರಾದರೂ ಇದ್ದರೆ ನನಗೆ ತೋರಿಸಬೇಕು.

ಈ ನೋವು ಗೀವಿನ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಲು ಕಾರಣ ನನ್ನ ಮೊಣಕಾಲು. ನಮ್ಮದು ಬೀರೇಶ್ವರನಿಗೆ ನಡೆದುಕೊಳ್ಳುವ, ಕುರಿ ಕಾದ ಮನೆತನ. ಅಪ್ಪನ ಕಾಲಕ್ಕೆ ಕುರಿ ಹೋಗಿ ಸರಕಾರಿ ನೌಕರಿ ಬಂದಿತ್ತು. ನನಗೆ ಅವೆರಡೂ ಒಲಿಯಲಿಲ್ಲ, ಕುಸ್ತಿ ಒಲಿಯಿತು. ಮುಧೋಳದಲ್ಲಿ ಒಂದು ಜೋಡಿ ಕುಸ್ತಿಯಲ್ಲಿ ಮೊಣಕಾಲು ತಿರುಚಿಕೊಂಡಿತು. ಕುಸ್ತಿ ಕಲಿಸುವ ವಸ್ತಾದರು ಅಲ್ಲೇ ಮಣ್ಣಿನಲ್ಲಿ ಕೂರಿಸಿ, ಕಾಲು ಹಿಡಿದು ಜಗ್ಗಿ, ಕೂತಿತು ಏಳು ಎಂದರು. ಎದ್ದೆ, ಆಡಿದೆ, ಆಮೇಲೆ ಎಂದೂ ಆಡಲಿಲ್ಲ. ಪುಣೆಗೆ ಹೋಗಿ ಆರು ತಿಂಗಳು ತರಬೇತುದಾರರ ಕೋರ್ಸು ಮಾಡಿದಾಗ, ಆ ದಿನ ಜಗ್ಗದೆ ಸುಮ್ಮನೆ ಮಲಗಿಸಿದ್ದರೆ ಸಾಕಿತ್ತು ಎಂದು ತಿಳಿಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಕಡೆ ಸೊಂಟಕ್ಕೆ ಚಳಕು ಹಿಡಿದರೆ, ಅಂದರೆ ಬಗ್ಗಿದವನಿಗೆ ಎದ್ದು ನೆಟ್ಟಗಾಗಲು ಬಾರದಂತೆ ನೋವು ಕಚ್ಚಿಕೊಂಡರೆ, ಹಾಗೆ ಹುಟ್ಟಿದವರಿಂದ ಸೊಂಟಕ್ಕೆ ಮೂರು ಸಲ ಒದೆಸಿಕೊಳ್ಳುತ್ತಾರೆ. ಒದೆಸಿಕೊಂಡವರು ಮಾತಾಡದೆ, ತಿರುಗಿ ನೋಡದೆ ಮನೆಗೆ ಹೋಗಬೇಕು. ನನಗೆ ಐದು ವರ್ಷವಾದಾಗಿನಿಂದ ನಮ್ಮ ಅಂಗಳದಲ್ಲಿ ದೊಡ್ಡ ದೊಡ್ಡ ಮನುಷ್ಯರು ಬೋರಲು ಮಲಗುತ್ತಿದ್ದರು. ಅವ್ವ ನನ್ನ ತೋಳು ಹಿಡಿದು ನಿಲ್ಲಿಸುತ್ತಿದ್ದಳು, ನಾನು ಹಿಮ್ಮಡಿ ತಾಗಿಸುತ್ತಿದ್ದೆ. ನಾಲ್ಕು ದಿನಕ್ಕೆ ತಾನಾಗಿಯೇ ಇಳಿಯುವ ನೋವು ಇಳಿಯುತ್ತಿತ್ತು, ಹೆಸರು ನನ್ನ ಕಾಲಿಗೆ. ಪುಣೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನುಹುರಿ ಮುಂದಿಟ್ಟು, ಮಣಿಗಳ ನಡುವಿನ ಮೆತ್ತೆ ಹೇಗೆ ಜಾರುತ್ತದೆ, ಜಾರಿ ಹೇಗೆ ನರ ಒತ್ತುತ್ತದೆ ಎಂದು ತೋರಿಸಿದ ದಿನ ನನಗೆ ಬೆವರು ಬಂತು. ಊರಿಗೆ ಬಂದವನೇ ಇನ್ನು ಯಾರಿಗೂ ಒದೆಯುವುದಿಲ್ಲ ಎಂದೆ. ಅವ್ವ ಒಂದು ವಾರ ಮಾತು ಬಿಟ್ಟಳು.

ಚಿಮ್ಮಡದಿಂದ ಬರುತ್ತಿದ್ದ ಒಬ್ಬ ಲೂಮ್ ಕೆಲಸಗಾರನ ಮೇಲೆ ನಾನು ಆ ವರ್ಷ ಜೀವ ಇಟ್ಟಿದ್ದೆ. ಪೊಲೀಸ್ ಪೇದೆಯ ಕೆಲಸಕ್ಕೆ ಅರ್ಜಿ ಹಾಕಿದ್ದ. ದೈಹಿಕ ಪರೀಕ್ಷೆಗೆ ಇನ್ನು ಐದು ವಾರ. ಅವನ ವಯಸ್ಸಿನ ಮಿತಿ ಅದೇ ವರ್ಷಕ್ಕೆ ಮುಗಿಯುತ್ತಿತ್ತು, ಹಿಂದೆ ಎರಡು ಸಲ ಗುಂಡು ಎಸೆತದಲ್ಲಿ ಹೊರಬಿದ್ದಿದ್ದ. ಓಟದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಚಿಮ್ಮಡದ ರಸ್ತೆಯಲ್ಲಿ ಅವನು ಓಡುತ್ತಿದ್ದರೆ ನಾನು ಪಕ್ಕದಲ್ಲಿ ಬೈಕಿನ ಮೇಲೆ ಗಡಿಯಾರ ಹಿಡಿದು ಹೋಗುತ್ತಿದ್ದೆ. ಕಬ್ಬಿನ ಗಾಡಿಯವರು ಕೂಡ ಗಾಡಿ ಪಕ್ಕಕ್ಕೆ ತೆಗೆದು ನೋಡುತ್ತಿದ್ದರು. ತಂದೆ ತಾಯಿ ಇಲ್ಲದವನು, ಮದುವೆಯಾಗದ ಅಕ್ಕ ಲೂಮಿಗೆ ನೂಲು ಸುತ್ತಿ ಸಾಕಿದವನು. ಈ ಸಲ ಆಗದಿದ್ದರೆ ಮುಂದೆ ಅರ್ಜಿ ಹಾಕುವ ಹಾಗೇ ಇಲ್ಲ.

ಸೇರಿಸಿಕೊಳ್ಳುವಾಗ ಹಳೆಯ ನೋವು ಏನಾದರೂ ಉಂಟೇ ಎಂದು ಕೇಳಿದ್ದೆ. "ಏನಿಲ್ರಿ" ಅಂದಿದ್ದ. ನೂಲು ಸುತ್ತಿದ ಲೂಮಿನ ಭಾರದ ಬೀಮ್ ಹೊತ್ತು ಹೊತ್ತು ವರ್ಷಕ್ಕೆರಡು ಸಲ ಅವನ ಸೊಂಟ ಹಿಡಿಯುತ್ತಿತ್ತಂತೆ. ಇದು ನನಗೆ ಎಲ್ಲ ಮುಗಿದ ಮೇಲೆ ತಿಳಿಯಿತು.

ಒಂದು ಬೆಳಿಗ್ಗೆ ನಾನು ಚಹಾ ಕುಡಿಯಲು ಕೆಳಗೆ ಹೋದೆ. ಹತ್ತು ನಿಮಿಷ. ಅಷ್ಟರಲ್ಲಿ ಅವನು ರಾಡಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿ ನೆಲದಿಂದ ಎತ್ತಲು ಹೋಗಿ, ಅರ್ಧಕ್ಕೆ ಬಗ್ಗಿದವನು ಬಗ್ಗಿಕೊಂಡೇ ಉಳಿದ. ನಾನು ಬಂದು ಬೈದೆ, ಮಲಗಿಸಿದೆ, ಮೊಣಕಾಲ ಕೆಳಗೆ ಚಾಪೆ ಸುತ್ತಿ ಇಟ್ಟೆ. ಕಾಲ್ಬೆರಳು ಆಡಿಸು ಎಂದೆ, ಆಡಿಸಿದ. ಎಲ್ಲ ಕಡೆ ಮುಟ್ಟಿದ್ದು ತಿಳಿಯುತ್ತಿತ್ತು. ನನಗೆ ಅರ್ಧ ಜೀವ ಬಂತು. ಹತ್ತು ದಿನ ಏಳಬೇಡ, ಜಮಖಂಡಿಗೆ ಹೋಗಿ ಡಾಕ್ಟರಿಗೆ ತೋರಿಸು, ಆಮೇಲೆ ಓಟಕ್ಕೆ ಇನ್ನೂ ಮೂರು ವಾರಕ್ಕಿಂತ ಹೆಚ್ಚು ಇರುತ್ತದೆ ಎಂದು ಲೆಕ್ಕ ಹೇಳಿ ಆಟೋ ಹತ್ತಿಸಿದೆ.

ಮರುದಿನ ಬೆಳಿಗ್ಗೆ ಅಕ್ಕನ ಹೆಗಲ ಮೇಲೆ ಕೈಹಾಕಿಕೊಂಡು, ಆ ಎಲ್ಲ ಮೆಟ್ಟಿಲು ಹತ್ತಿ ಮತ್ತೆ ಬಂದ.

"ಡಾಕ್ಟರ್ ಏನಂದ್ರು?" ಎಂದೆ.

"ಇನ್ನೂ ಹೋಗಿಲ್ರಿ" ಎಂದಳು ಅಕ್ಕ. "ನಿಮ್ಮ ಕಾಲಾಗ ಗುಣಾ ಐತಂತ. ನಿಮ್ಮ ಅವ್ವಾರ ಹೇಳಿ ಕಳಿಸ್ಯಾರ್ರಿ."

ಅವ್ವನೇ ಕಳಿಸಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಕ್ಕಾರ, ಅದೆಲ್ಲಾ ಸುಳ್ಳರಿ. ಅವ ಮಲಗಬೇಕು, ಅಷ್ಟ."

"ಹತ್ತು ದಿವಸ ಮಲಗಿದ್ರ ಓಡೂದು ಯಾವಾಗ್ರಿ? ಮೂರು ಸಲ ಕಾಲು ತಾಗಿಸಿದ್ರ ನಿಮ್ಮ ಗಂಟೇನು ಹೋಗತೈತಿ?"

ನಾನು ಬೆನ್ನುಹುರಿಯ ಮಾತು ತೆಗೆದೆ. ಮೆತ್ತೆ, ನರ, ಎಲ್ಲ ಹೇಳಿದೆ, ಲೂಮಿನ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒದೆಯುವ ತನಕ ಏಳುವುದಿಲ್ಲ ಎಂದಳು. ಡಂಬೆಲ್ಸ್ ಹಿಡಿದು ನಿಂತಿದ್ದವರೆಲ್ಲ ಅವುಗಳನ್ನು ಕೆಳಗಿಟ್ಟು ಸುತ್ತ ನೆರೆದರು. "ಒದ್ದಬಿಡ್ರಿ ಸರ, ಪುಣ್ಯೇದ ಕೆಲಸ" ಎಂದು ಒಬ್ಬ. "ಬರೂದಿಲ್ಲ ಅಂತ ಅಂಜತಾರೇನೋ" ಎಂದು ಇನ್ನೊಬ್ಬ. ಅಷ್ಟರಲ್ಲಿ ಅವನು ತಾನಾಗಿಯೇ ಚಾಪೆಯ ಮೇಲೆ ಬೋರಲು ಮಲಗಿ ಅಂಗಿ ಮೇಲಕ್ಕೆ ಸರಿಸಿಕೊಂಡಿದ್ದ.

ಒದ್ದೆ. ಹೇಗಾದರೂ ಇವರು ತೊಲಗಲಿ ಎಂದು ಒದ್ದೆ. ಮೊದಲನೆಯದು, ಎರಡನೆಯದು ಬರೀ ತಾಗಿಸಿದ್ದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ. ಮೂರನೆಯದರಲ್ಲಿ ಸಿಟ್ಟಿತ್ತು. ಅಂಗಿ ತೂಗುಹಾಕುವವರ ಮೇಲೆ, ಅವ್ವನ ಮೇಲೆ, ನಾನು ಗಂಟಲು ಹರಿದುಕೊಂಡು ಹೇಳಿದ್ದನ್ನು ಒಂದು ದಿನವೂ ಕೇಳದ ಊರಿನ ಮೇಲೆ ಇದ್ದ ಸಿಟ್ಟೆಲ್ಲ ಹಿಮ್ಮಡಿಗೆ ಇಳಿಯಿತು. ಅವನು ಹ್ಞಾ ಎಂದ. ಆಮೇಲೆ ಎದ್ದು, ಪದ್ಧತಿಯಂತೆ ಮಾತಾಡದೆ, ತಿರುಗಿ ನೋಡದೆ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ.

ಎರಡು ದಿನ ಬಿಟ್ಟು ಸುದ್ದಿ ಬಂತು. ಬಲಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿಬಿದ್ದರೂ ಅವನಿಗೆ ತಿಳಿಯುತ್ತಿಲ್ಲ, ಚಪ್ಪಲಿ ಎಲ್ಲಿ ಬಿತ್ತೆಂದು ಹಿಂದೆ ಹೋಗಿ ಹುಡುಕುತ್ತಾನೆ ಎಂದು. ನಾನೇ ಗಾಡಿ ಮಾಡಿ ಇಬ್ಬರನ್ನೂ ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿ, ಮೆತ್ತೆ ಜಾರಿ ನರ ಒತ್ತುತ್ತಿದೆ, ಮೂರು ತಿಂಗಳು ಓಡುವ ಮಾತೇ ಇಲ್ಲ, ಆಪರೇಷನ್ ಬೇಕಾದರೂ ಬೇಕಾದೀತು ಎಂದರು. ಆಮೇಲೆ ಕೇಳಿದರು, ಭಾರ ಎತ್ತಿದ ಮೇಲೆ ಸೊಂಟವನ್ನು ಯಾರಾದರೂ ತಿಕ್ಕಿದರೇ, ಒತ್ತಿದರೇ, ಏನಾದರೂ ಮಾಡಿದರೇ?

"ಏನೂ ಮಾಡಿಲ್ರಿ" ಎಂದಳು ಅಕ್ಕ.

ಅವಳು ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ನನ್ನ ಒದೆ ಮಾಡಿದ್ದರಲ್ಲಿ ಬರುವುದೇ ಇಲ್ಲ. ಸುಳ್ಳು ಹೇಳಿದವನು ನಾನು. ಪಕ್ಕದಲ್ಲೇ ನಿಂತು, ಪುಣೆಯ ಸರ್ಟಿಫಿಕೇಟ್ ಇಟ್ಟುಕೊಂಡು, ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ, ಇವತ್ತಿಗೂ ಆಗುತ್ತದೆ.

ಮುಂದಿನ ವಾರ ಹಿರಿಯರು ಕೂಡಿದರು. ಜಿಮ್ಮಿನಲ್ಲೇ, ಯಂತ್ರಗಳನ್ನು ಗೋಡೆಗೆ ಸರಿಸಿ, ಕಸರತ್ತಿನ ಚಾಪೆಗಳ ಮೇಲೆ. ಅವನೂ ಅಕ್ಕನೂ, ಅವನು ಕೆಲಸ ಮಾಡುತ್ತಿದ್ದ ಲೂಮಿನ ಮಾಲಕರೂ ಬಂದಿದ್ದರು, ನಡುವೆ ಕೂತು ಮಾತು ನಡೆಸುವವರು ಒಬ್ಬ ನಿವೃತ್ತ ಮಾಸ್ತರರು. ಪ್ರಶ್ನೆ ಒಂದೇ, ತಪ್ಪು ಯಾರದು? ನನ್ನದು ಎಂದಾದರೆ ಜಿಮ್ ಮುಚ್ಚಬೇಕು ಎಂದು ಮಾಲಕರು ಮೊದಲೇ ಹೇಳಿದ್ದರು. ಮಾಸ್ತರರು ರಾಡು ಎತ್ತಿ ನೋಡಿದರು. ಪ್ಲೇಟುಗಳನ್ನು ಬೆರಳಿನಿಂದ ಬಡಿದು ನೋಡಿದರು, ಗಡಿಗೆ ಕೊಳ್ಳುವವರಂತೆ. ನಾನು ಚಹಾಕ್ಕೆ ಹೋಗಿದ್ದ ಹತ್ತು ನಿಮಿಷದ ಮೇಲೆ ಅರ್ಧ ತಾಸು ಚರ್ಚೆಯಾಗಿ, ಮನುಷ್ಯ ಅಂದಮೇಲೆ ಚಹಾ ಕುಡಿಯಬೇಕು ಎಂದು ತೀರ್ಮಾನವಾಯಿತು. ಕೊನೆಗೆ ಮಾಸ್ತರರ ಕಣ್ಣು ಬೋರ್ಡಿನ ಮೇಲೆ ಬಿತ್ತು. ಎದ್ದು ಹೋಗಿ, ಎರಡು ಅಂಗಿ ಸರಿಸಿ, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಆ ಬೋರ್ಡನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ.

"ಕೇಳದ ತೂಕ ಏರಸಬಾರದು ಅಂತ ಸ್ಪಷ್ಟ ಬರದಾರ. ತಪ್ಪು ಇವಂದ" ಎಂದರು.

ಅವನು ತಲೆ ತಗ್ಗಿಸಿ, "ಹೌದ್ರಿ, ನಂದ" ಎಂದ.

ಅಷ್ಟಕ್ಕೆ ಸುಮ್ಮನಿದ್ದರೆ ನನ್ನ ಜಿಮ್ ಉಳಿಯುತ್ತದೆಂದು ಗೊತ್ತಿತ್ತು. ಆದರೆ ಅವನು ಹಾಗೆ ಹೌದ್ರಿ ಎಂದದ್ದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ತಪ್ಪು ನಂದರಿ" ಎಂದೆ. "ತೂಕ ಎತ್ತಿದಾಗ ಚಳಕಷ್ಟ ಆಗಿತ್ತು. ಬೆರಳು ಆಡಸತಿದ್ದ, ಮುಟ್ಟಿದ್ದು ಗೊತ್ತಾಗತಿತ್ತು. ನಾ ಒದ್ದಮ್ಯಾಲ ಕಾಲು ಜೋಮು ಹಿಡದೈತಿ. ಮೂರನೇದ್ದು ಜೋರ ಒದ್ದೇನಿ. ಸಿಟ್ಟಿನಿಂದ ಒದ್ದೇನಿ."

ನಾನು ಜಿಮ್ಮಿನ ಬೀಗದ ಕೈಯನ್ನು ಮಾಸ್ತರರ ಮುಂದಿಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು.

"ನೀವು ಮನಸಿಗೆ ಹಚಗೋಬ್ಯಾಡ್ರಿ" ಎಂದರು. "ನಿಮ್ಮ ಕಾಲಿಂದ ಎಷ್ಟ ಮಂದಿ ಎದ್ದ ನಿಂತಾರ. ನಮ್ಮ ಮನಿಯಾಕೀನೂ ಒದಿಸಿಕೊಂಡಾಳ. ಗುಣಾ ಇದ್ದ ಕಾಲು ಕೆಡಕ ಹ್ಯಾಂಗ ಮಾಡತೈತಿ?"

"ಮಾಡತೈತ್ರಿ. ಡಾಕ್ಟರ್ ಕೇಳಿದ್ರು, ನಾ ಹೇಳಲಿಲ್ಲ."

"ಅದರಾಗ ಹೇಳೂದೇನೈತ್ರಿ" ಎಂದರು ಲೂಮಿನ ಮಾಲಕರು. "ಪಾಪ, ನಿಮಗ ಮನಸಿಲ್ಲದಿದ್ರೂ ಒದ್ದ ಕೊಟ್ಟೀರಿ."

ನಾನು ಮತ್ತೆ ಬೆನ್ನುಹುರಿ, ಮೆತ್ತೆ, ನರ ಎಂದು ಶುರುಮಾಡಿದೆ. ಕೂಗಿದೆ. ಅವರೆಲ್ಲ ನನ್ನನ್ನು ಒಳ್ಳೆಯ ಮನುಷ್ಯನನ್ನು ನೋಡುವಂತೆ ನೋಡುತ್ತಿದ್ದರು. ಅಷ್ಟು ವರ್ಷ ಆ ಊರಿನಲ್ಲಿ ನನ್ನ ಮಾತನ್ನು ಯಾರೂ ಕೇಳಲಿಲ್ಲ ಎಂದು ಸಿಟ್ಟಾಗಿದ್ದೆ, ಆದರೆ ಆ ದಿನದಂಥ ಸಿಟ್ಟು ಎಂದೂ ಬಂದಿರಲಿಲ್ಲ. ತಪ್ಪು ಒಪ್ಪಿಕೊಂಡರೂ ಯಾರೂ ಅದನ್ನು ತೆಗೆದುಕೊಳ್ಳಲೊಲ್ಲರು. ಬೈದಿದ್ದರೆ, ಹೊಡೆದಿದ್ದರೆ, ನನಗೆ ಎಷ್ಟೋ ಹಗುರಾಗುತ್ತಿತ್ತು.

ಹಿರಿಯರು ಎದ್ದು ಹೋದರು. ಅಕ್ಕ ಮಾತ್ರ ಬಾಗಿಲ ಹತ್ತಿರ ನಿಂತಳು.

"ಸಿಟ್ಟಿನಿಂದ ಒದ್ದೆ ಅಂದ್ರೆಲ್ಲ ಸರ" ಎಂದಳು. "ಅದಕ್ಕ ಗುಣಾ ಹತ್ತಿಲ್ಲ. ಸಮಾಧಾನದ್ಲೆ ಇನ್ನೊಮ್ಮೆ ಒದೀರಿ. ಓಟಕ್ಕ ಇನ್ನೂ ಮೂರು ವಾರ ಐತಿ."

ನಾನು ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಬಲಗಾಲನ್ನು ಎಳೆದುಕೊಂಡು ಬಂದು, ಹಿರಿಯರು ಎದ್ದುಹೋದ ಅದೇ ಚಾಪೆಯ ಮೇಲೆ ಬೋರಲು ಮಲಗಿದ. ಅಂಗಿ ಮೇಲಕ್ಕೆ ಸರಿಸಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿದ, ನಮ್ಮ ಅಂಗಳದಲ್ಲಿ ಮಲಗುತ್ತಿದ್ದವರೆಲ್ಲ ಮುಚ್ಚುತ್ತಿದ್ದಂತೆ.

ನಾನು ಅವನ ಬಲಗಾಲ ಹತ್ತಿರ ಕೂತೆ. ಚಿಮ್ಮಡದ ರಸ್ತೆಯ ಮೇಲೆ ಓಡುತ್ತಿದ್ದ ಕಾಲು. ಅದರ ಹೆಬ್ಬೆರಳನ್ನು ನನ್ನ ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹಿಂಡಿದೆ. ಆಮೇಲೆ ಜೋರಾಗಿ ಹಿಂಡಿದೆ. ಉಗುರಿನ ಸುತ್ತ ಚರ್ಮ ಬೆಳ್ಳಗಾಯಿತು.

"ಯಾಕ ಸುಮ್ಮ ಕುಂತೀರಿ ಸರ?" ಎಂದ ಅವನು, ಕಣ್ಣು ತೆರೆಯದೆ. "ಶುರು ಮಾಡ್ರಿ."